ತಗ್ಗು ತೋರಿಸದ ಕೈ

ಲಕ್ಕವ್ವ, ಆ ದಿನ ನಾನು ಕೈ ತೋರಿಸಿರಲಿಲ್ಲ. ತೋರಿಸಿದ್ದೆ ಎಂದು ಎಲ್ಲರೆದುರು ಹೇಳಿದ್ದು ಸುಳ್ಳು.

ಇದನ್ನೇ ಮೊದಲು ಬರೆದುಬಿಡಬೇಕಿತ್ತು. ಇಲ್ಲದಿದ್ದರೆ ಗಾಳಿ, ದಣಿವು, ಕೆಟ್ಟ ರಸ್ತೆ ಎಂದು ಸುತ್ತಿ ಸುತ್ತಿ — ನನ್ನ ಚಾಳಿ ನನಗೆ ಗೊತ್ತು.

ಇದನ್ನು ಕ್ಲಬ್ಬಿನ ಹೊರಗಿನವರೂ ಓದಬಹುದು, ಅವರಿಗಾಗಿ ಸ್ವಲ್ಪ ಹೇಳುತ್ತೇನೆ. ವಿಜಯಪುರದ ಸೈಕಲ್ ಕ್ಲಬ್ಬಿನವರಾದ ನಾವು ಭಾನುವಾರ ಬೆಳಿಗ್ಗೆ ತಿಕೋಟಾ ದಾಟಿ ಹೊನವಾಡದವರೆಗೆ ಹೋಗಿ ಬರುತ್ತೇವೆ. ಒಬ್ಬರ ಹಿಂದೆ ಒಬ್ಬರು, ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ. ಹೀಗೆ ಹೋದರೆ ಎದುರುಗಾಳಿಯನ್ನು ಮುಂದಿನವನೊಬ್ಬ ತಡೆಯುತ್ತಾನೆ. ಆದರೆ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಅದಕ್ಕೆ ತಗ್ಗು ಬಂದಾಗ ಮುಂದಿನವನು ಒಂದು ಕೈ ಬಿಟ್ಟು ಆ ಕಡೆ ಬೆರಳು ಮಾಡಿ ತೋರಿಸಬೇಕು. ನಮ್ಮೊಳಗೆ ಎಂಥ ಜಗಳವಿದ್ದರೂ ಕೈ ತೋರಿಸುವುದನ್ನು ಯಾರೂ ಬಿಡುವುದಿಲ್ಲ. ಬಿಟ್ಟವನು ನಾನು.

ಲಕ್ಕವ್ವ ಕನಮಡಿಯವಳು, ಕುರಿ ಸಾಕುವ ಮನೆಯ ಮಗಳು. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿ, ಅದೇ ವರ್ಷ ನಮ್ಮ ಕ್ಲಬ್ಬಿಗೆ ಬಂದಳು. ನಾನು ಕಾಲೇಜಿನ ಉಪನ್ಯಾಸಕ. ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವುದೂ ನಾನೇ.

ಹೌದು, ಲಕ್ಕವ್ವ, ನಿನಗೂ ನಾನೇ ಕಲಿಸಿದೆ. "ಮುಂದಿನವರ ಕೈ ನಂಬೂದು ಕಲೀಬೇಕವಾ, ಅಂಜಿದ್ರ ಸಾಲಿನ್ಯಾಗ ಹೋಗಾಕ ಆಗಂಗಿಲ್ಲ" ಎಂದಿದ್ದೆ. ನೀನು ನಂಬುವುದನ್ನು ಬೇಗ ಕಲಿತೆ.

ಒಂದು ಭಾನುವಾರ ದಾರಿ ಬದಲಿಸಿ ಬಬಲೇಶ್ವರದ ಕಡೆ ಹೋಗಿದ್ದೆವು. ಏರಿನಲ್ಲಿ ನೀನು ನನ್ನನ್ನು ದಾಟಿ ಹೋದೆ. ಚಹದ ಅಂಗಡಿಯ ಮುಂದೆ ಸಂಗಪ್ಪ — ನನ್ನ ಹಳೆಯ ಗೆಳೆಯ — ಎಲ್ಲರಿಗೂ ಕೇಳುವಂತೆ ಕೂಗಿದ: "ಏನ್ರಿ ಸರ, ಕುರಿ ಹೊಡಕೊಂಡು ಹೋದಂಗ ಹೋದಳಲ್ರಿ ನಿಮ್ಮನ್ನ!"

"ಏ ಸಂಗಪ್ಪಣ್ಣಾ, ನಮ್ಮ ಕುರಿ ಇದಕ್ಕಿಂತ ಜೋರ ಓಡ್ತಾವ್ರಿ!" ಎಂದು ನೀನೂ ನಕ್ಕೆ. ನಾನೂ ನಕ್ಕೆ.

ನಿನ್ನ ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ಅದು ನನ್ನೊಳಗೆ ವಾರವಿಡೀ — ಬೇರೆ ಯಾರ ಮಗಳಾದರೂ ನನ್ನನ್ನು ದಾಟಿ ಹೋಗಿದ್ದರೆ, ಹೀಗೆಯೇ ಉರಿಯುತ್ತಿತ್ತೇ? ಇಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಇಲ್ಲ. ತರಗತಿಯಲ್ಲಿ ಸಮಾನತೆಯ ಪಾಠ ಮಾಡುವವನು ನಾನು.

ಮುಂದಿನ ಭಾನುವಾರ ಸಾಲಿನ ಮುಂದೆ ನಾನಿದ್ದೆ, ನನ್ನ ಹಿಂದೆ ನೀನು. ತಿಕೋಟಾ ದಾಟಿ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದೆವು. ಪೈಪು ಹಾಕಲು ಯಾರೋ ರಸ್ತೆಯ ಎಡಬದಿಯನ್ನು ಅಗೆದು, ಮೇಲೆ ಸಡಿಲ ಮಣ್ಣು ಎಳೆದಿದ್ದರು. ನಾನು ಅದನ್ನು ದೂರದಿಂದಲೇ ಕಂಡೆ. ಕೈ ಎತ್ತಲು ಬೇಕಾದಷ್ಟು ಸಮಯವಿತ್ತು. ನಾನು ಸ್ವಲ್ಪ ಬಲಕ್ಕೆ ವಾಲಿದೆ, ಅಷ್ಟೇ. ನೀನು ಬೀಳಲಿ ಎಂದುಕೊಂಡೆನೇ? ಇಲ್ಲ — ಒಮ್ಮೆ ಹೊಯ್ದಾಡಲಿ, ಒಮ್ಮೆ ಅಂಜಲಿ, ಉಳಿದವರು ನೋಡಲಿ. ಅಷ್ಟು ಅಂದುಕೊಂಡದ್ದು ನೆನಪಿದೆ. ಆಮೇಲೆ ಹಿಂದೆ ಕಬ್ಬಿಣ ರಸ್ತೆಗೆ ಉಜ್ಜಿದ ಸದ್ದು ಕೇಳಿತು.

ನಿನ್ನ ಮಣಿಕಟ್ಟು ಮುರಿದಿತ್ತು. ನಿನ್ನನ್ನು ಎತ್ತಿ ಕೂರಿಸಿದ್ದು ನಾನೇ. "ಥ್ಯಾಂಕ್ಸ್ ರಿ ಸರ" ಎಂದೆ ನೀನು.

ನಮ್ಮ ಅಧ್ಯಕ್ಷ ಬಸಣ್ಣನವರ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ನೀನು ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದೆ.

"ನಾ ಸರ್ರ ಕೈನ ನೋಡಾಕತ್ತಿದ್ದೆರಿ. ಕೈ ಬರಲಿಲ್ರಿ."

ಬಸಣ್ಣ ನನ್ನ ಕಡೆ ತಿರುಗಿದರು. "ಸರ, ನೀವ ಹೇಳಿಬಿಡ್ರಿ. ತೋರಿಸಿದ್ರೋ, ಇಲ್ಲೋ?"

"ತೋರಿಸಿದ್ದೆ. ಆಕಿ ನೋಡಿರಲಿಕ್ಕಿಲ್ಲ."

ಅಲ್ಲಿಗೆ ಮುಗಿಯಿತು. ನನ್ನ ಮಾತನ್ನು ಯಾರು ಅನುಮಾನಿಸುತ್ತಾರೆ? "ಹೆಣ್ಮಕ್ಕಳ ಲಕ್ಷ್ಯ ಒಂದ ಕಡೆ ಇರಂಗಿಲ್ಲ ಬಿಡ್ರಿ" ಎಂದ ಸಂಗಪ್ಪ. ಯಾರೂ ಅವನನ್ನು ತಡೆಯಲಿಲ್ಲ. ಇನ್ನು ಮೇಲೆ ಹೆಣ್ಣುಮಕ್ಕಳು ಸಾಲಿನಲ್ಲಿ ಬೇಡ, ಹಿಂದೆ ಬೇರೆಯಾಗಿ ಬರಲಿ, ಅವರ ಸುರಕ್ಷತೆಗೇ ಅದು ಒಳ್ಳೆಯದು ಎಂದು ನಿಯಮವಾಯಿತು. ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು ಬಸಣ್ಣ. ಅದಕ್ಕೆ ನನ್ನ ಕೈ ಎದ್ದಿತು.

ನೀನು ವಾದಿಸಲಿಲ್ಲ. ಆಮೇಲೆ ಕ್ಲಬ್ಬಿಗೆ ಬರಲೇ ಇಲ್ಲ. ಗಾಳಿಗೆ ಒಂಟಿಯಾಗಿ ಎದೆಕೊಟ್ಟು ಹಿಂದೆ ಬರಲಾರದೆ ಉಳಿದ ಹೆಣ್ಣುಮಕ್ಕಳೂ ಬಿಟ್ಟರು. ವರ್ಷಗಳು ಕಳೆದರೂ ಆ ನಿಯಮ ಇಂದಿಗೂ ಇದೆ. ಹೊಸಬರಿಗೆ ಕೈ ತೋರಿಸುವುದನ್ನು ಇಂದಿಗೂ ನಾನೇ ಕಲಿಸುತ್ತೇನೆ.

ಕಳೆದ ವಾರ ಸಕ್ಕರೆ ಪರೀಕ್ಷೆಗೆಂದು ಆಸ್ಪತ್ರೆಗೆ ಬಂದೆ. ಸೂಜಿ ಹಿಡಿದು ನೀನು ಕೂತಿದ್ದೆ. ನೋಡಿದವನೇ ತಿರುಗಿ ಹೋಗೋಣವೆಂದುಕೊಂಡೆ — ಅದನ್ನೂ ಹೇಳಿಬಿಡುತ್ತೇನೆ.

"ಬರ್ರಿ ಸರ, ಕೂಡ್ರಿ. ಮುಷ್ಟಿ ಬಿಗಿ ಹಿಡೀರಿ." ರಕ್ತ ತೆಗೆಯುತ್ತ ನೀನೇ ಮಾತು ತೆಗೆದೆ. "ನಮ್ಮ ತಂಗಿ ಕ್ಲಬ್ಬಿಗೆ ಬರ್ತೀನಿ ಅಂತಾಳ್ರಿ. ನಾ ಬ್ಯಾಡ ಅಂದೀನಿ. ನನ್ನಂಗ ಆಕಿನೂ ನೋಡೂದು ತಪ್ಪಿದ್ರ..."

ಸೂಜಿ ಹೊರತೆಗೆದು ನೀನು ಹತ್ತಿ ಒತ್ತಿದೆ. ತಲೆ ಎತ್ತದೆ ಕೇಳಿದೆ: "ಸರ, ಆ ದಿನ ಖರೇನ ತೋರಿಸಿದ್ರೇನ್ರಿ? ನಿಮ್ಮ ಬೆನ್ನು ಇನ್ನೂ ಕಣ್ಮುಂದ ಐತ್ರಿ. ಕೈ ಅಷ್ಟ ನೆನಪಾಗವಲ್ದು."

ಇಷ್ಟು ವರ್ಷ ನಿನಗೆ ನನ್ನ ಮೇಲೆ ಸಿಟ್ಟಿರಬಹುದು ಎಂದುಕೊಂಡಿದ್ದೆ. ಸಿಟ್ಟಿದ್ದರೆ ಎಷ್ಟೋ ಒಳ್ಳೆಯದಿತ್ತು. ನೀನು ನಿನ್ನ ಕಣ್ಣನ್ನೇ ಅನುಮಾನಿಸುತ್ತ ಕೂತಿದ್ದೆ. 'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ನಾನೆಂದೆ: "ಹಳೇದು ಯಾಕ ಬಿಡವಾ."

"ಹೌದ್ರಿ" ಎಂದು ನೀನು ಮುಂದಿನವರನ್ನು ಕರೆದೆ.

ಮೊದಲ ಸಲ ಸಿಟ್ಟಿನಲ್ಲಿ ಮಾಡಿದೆ, ಸಭೆಯಲ್ಲಿ ಅಂಜಿ ಮಾಡಿದೆ. ಮೊನ್ನೆ ಮಾಡಿದ್ದಕ್ಕೆ ಹೆಸರೇ ಸಿಗುತ್ತಿಲ್ಲ — ಆಗ ನನಗೆ ಸಿಟ್ಟೂ ಇರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ.

ಬರುವ ಭಾನುವಾರ ಸೈಕಲ್ ಹೊರಡುವ ಮೊದಲು ಇದನ್ನು ಕ್ಲಬ್ಬಿನ ಎಲ್ಲರೆದುರು ಓದುತ್ತೇನೆ. ಆ ನಿಯಮವನ್ನು ತೆಗೆಯಿರಿ ಎಂದು ಕೇಳುತ್ತೇನೆ. ತೆಗೆಯುತ್ತಾರೋ ಇಲ್ಲವೋ, ಹೇಳಲಾರೆ. ಹೊಸಬರಿಗೆ ಇನ್ನು ಬೇರೆ ಯಾರಾದರೂ ಕಲಿಸಲಿ. ನನ್ನನ್ನು ನಂಬಿ ಎಂದು ಹೇಳುವ ಬಾಯಿ ನನಗೆ ಉಳಿದಿಲ್ಲ. ನಿನ್ನನ್ನು ಬಾ ಎಂದು ಕರೆಯುವುದಿಲ್ಲ. ಕ್ಷಮಿಸು ಎಂದೂ — ಅದನ್ನು ಕೇಳುವುದೆಂದರೆ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ.

ಆದರೆ ಅವರಿಗೆಲ್ಲ ಓದುವ ಮೊದಲು ಇದು ನಿನಗೆ ಮುಟ್ಟಬೇಕು. ಇವತ್ತೇ ಆಸ್ಪತ್ರೆಗೆ ತಂದು ಕೊಡುತ್ತೇನೆ. ತಂಗಿಗೂ ಓದಿ ಹೇಳು. ನಿನಗೆ ನೆನಪಾಗದ ಆ ಕೈಯನ್ನು ಇನ್ನು ಹುಡುಕಬೇಡ, ಲಕ್ಕವ್ವ. ಅದು ಇರಲೇ ಇಲ್ಲ.