ನೀಲಿ ಕೋಣೆಯಲ್ಲಿ ಮಲಗಿದ್ದ ಹುಳು

ಮೊಮ್ಮಕ್ಕಳೇ, ಮುತ್ತಮ್ಮ, ಬೋಪಣ್ಣ, ಕೇಳಿ. ಕಣ್ಣಿಗೆ ಏನೋ ಕಂಡಿತು, ಅದೇ ನಿಜವಾಯಿತು ಎನ್ನುವವರನ್ನು ನಾನು ನಂಬಿದವಳಲ್ಲ. ಆಮೇಲೆ ನನಗೇ ಹಾಗಾಯಿತು. ಬಾಯಿಬಿಟ್ಟು ಹೇಳಲು ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆ. ನಿಮ್ಮ ಅಜ್ಜನಿಗೆ ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸ. ಕೊಡಗಿನ ಮನೆಯಲ್ಲಿ ನಾವು ಹಂದಿ ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸಿ, ಆಮೇಲೆ ಚೆನ್ನಾಗಿ ಬೇಯಿಸುತ್ತಿದ್ದೆವು. ಕ್ವಾರ್ಟರ್ಸಿನಲ್ಲಿ ಇದ್ದದ್ದು ಗ್ಯಾಸ್ ಒಲೆ. ಊರಿನ ರುಚಿಯ ಆಸೆಗೆ ಅಜ್ಜ ಮಾಂಸವನ್ನು ಬಾಲ್ಕನಿಯ ತಂತಿಗೆ ಕಟ್ಟಿ ಸಮುದ್ರದ ಗಾಳಿಗೆ ಬಿಟ್ಟರು. ಕಾಲೇಜಿನಲ್ಲಿದ್ದ ನಿಮ್ಮಪ್ಪ ಅದರ ತುಂಡುಗಳನ್ನು ಉರಿಗೆ ಹಿಡಿದು ಅರೆಬರೆ ಸುಟ್ಟು ತಿಂದ. ನಾವಿಬ್ಬರು ಬೇಯಿಸಿದ್ದನ್ನು ತಿಂದೆವು.

ಕೆಲವೇ ದಿನಗಳಲ್ಲಿ ಅವನ ರೆಪ್ಪೆ ಊದಿತು, ಜ್ವರ ಏರಿತು, ಲೋಟ ಎತ್ತಲೂ ಆಗದಷ್ಟು ಮೈನೋವು. ಅಲ್ಲಿನ ಡಾಕ್ಟರುಗಳು ಟೈಫಾಯಿಡ್ ಇರಬಹುದು ಎಂದರು, ಮೂತ್ರಪಿಂಡದ ತೊಂದರೆ ಇರಬಹುದು ಎಂದರು. ಅವರಿಗೆ ಏನೆಂದು ಹೊಳೆಯದೆ ವಿಜಯವಾಡಕ್ಕೆ ಕರೆದೊಯ್ಯುವಷ್ಟರಲ್ಲಿ ಉಸಿರೆಳೆಯುವುದೂ ಕಷ್ಟವಾಗಿತ್ತು. ಮಗ ಕೈತಪ್ಪುತ್ತಾನೆ ಎಂದೇ ಅನಿಸಿತ್ತು.

ಆಸ್ಪತ್ರೆ ಬೆಂಜ್ ಸರ್ಕಲ್ ಹತ್ತಿರ. ಒಂದು ಮಧ್ಯಾಹ್ನ ಅವನ ಕಾಲಿನ ಮೀನಖಂಡ ಒತ್ತುತ್ತ ಕಣ್ಣು ಮುಚ್ಚಿದೆ. ನಿದ್ದೆಯಲ್ಲ, ಲಾರಿಗಳ ಹಾರ್ನ್ ಕೇಳುತ್ತಲೇ ಇತ್ತು. ಗುಲಾಬಿ ಬಣ್ಣದ ಎಳೆಗಳ ನಡುವೆ ನಿಂಬೆಹಣ್ಣಿನ ಆಕಾರದ ಒಂದು ನೀಲಿ ಕೋಣೆ ಕಂಡಿತು. ಅದರೊಳಗೆ ಸುರುಳಿ ಸುತ್ತಿ ಮಲಗಿದ ಹುಳು. ಕಣ್ಣು ಬಿಟ್ಟರೆ ಎದುರಿಗೆ ಡಾಕ್ಟರು. ಪರಗಂಡಸರೆದುರು ತಲೆ ಎತ್ತದ ನಾನು ಹರುಕು ತೆಲುಗಿನಲ್ಲಿ ಹೇಳಿಬಿಟ್ಟೆ: “ಡಾಕ್ಟರ್ ಗಾರೂ, ಕಂಡಲೋ ಪುರುಗು ಉಂದಿ.” ಮಾಂಸಖಂಡದಲ್ಲಿ ಹುಳು ಇದೆ ಎಂದು.

“ಸುಮ್ಮನಿರು ಮಾರಾಯ್ತಿ,” ಎಂದು ಅಜ್ಜ ಗದರಿದರು.

ಡಾಕ್ಟರು ನಗಲಿಲ್ಲ. “ಏಂ ತಿನ್ನಾಡಮ್ಮಾ?” ಏನು ತಿಂದ ಎಂದು ಕೇಳಿದರು. ಬಾಲ್ಕನಿಯ ಮಾಂಸದ ಕಥೆ ಹೇಳಿದೆ. ಅವರು ಮೀನಖಂಡದಿಂದ ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದರು.

ಕೆಲವು ದಿನಗಳ ಮೇಲೆ ನನ್ನನ್ನೇ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅದೇ ಎಳೆಗಳು, ಅದೇ ನೀಲಿ ಕೋಣೆ, ಅದೇ ಸುರುಳಿ! ಅವರು ಹೇಳಿದ್ದನ್ನು ಅಜ್ಜ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅರೆಬೆಂದ ಹಂದಿ ಮಾಂಸದಿಂದ ಬಂದ ಹುಳುವಿನ ಮರಿ ತಾನು ಹೊಕ್ಕ ಮಾಂಸಖಂಡದ ಜೀವಕೋಶವನ್ನು ಕೊಲ್ಲುವುದಿಲ್ಲ, ಅದರೊಳಗಿನ ರಸಾಯನವನ್ನೇ ಬದಲಿಸುತ್ತದೆ. ಬಿಗಿಯುವ, ಸಡಿಲುವ ಕೆಲಸ ಬಿಟ್ಟ ಕೋಶ ಹುಳುವಿಗೆ ದಾದಿಯಾಗುತ್ತದೆ, ಸುತ್ತ ಹೊಸ ರಕ್ತನಾಳಗಳನ್ನು ಬರಮಾಡಿಕೊಂಡು ಉಣಿಸುತ್ತದೆ.

“ಅವ್ವಾ, ಮನೆಯೂ ನಂದೇ, ಊಟವೂ ನಂದೇ, ಮಜಾ ಮಾತ್ರ ಅದರದ್ದು!” ಎಂದ ನಿಮ್ಮಪ್ಪ. ಎಷ್ಟೋ ದಿನಗಳ ಮೇಲೆ ಅವನ ಬಾಯಲ್ಲಿ ತಮಾಷೆ ಬಂದಿತ್ತು.

ಔಷಧಿ ಹಿಡಿಯಿತು. ಒಂದು ಬೆಳಿಗ್ಗೆ ಅವನೇ ಎದ್ದು ವರಾಂಡದ ತುದಿಯವರೆಗೆ ನಡೆದ. ಬೇಸಗೆಯ ಹೊತ್ತಿಗೆ ವಿಶಾಖಪಟ್ಟಣದ ಋಷಿಕೊಂಡ ಕಡಲತೀರದ ಮರಳಿನಲ್ಲಿ ಅಲೆಗಳ ಜೊತೆ ಪಂದ್ಯ ಕಟ್ಟಿ ಓಡಿದ. ನಾನು ಸೆರಗು ಬಿಗಿದು, ಜನ ನೋಡುತ್ತಿದ್ದರೂ, “ಓಡು ಮಗಾ, ಓಡು!” ಎಂದು ಗಂಟಲು ಹರಿಯುವಂತೆ ಕೂಗಿದೆ.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಮೈಯೊಳಗೆ ಆ ನೀಲಿ ಇರುವುದೇ ಇಲ್ಲವಂತೆ. ಪರೀಕ್ಷೆಗೆಂದು ಬಣ್ಣ ಹಾಕಿದಾಗ, ಬದಲಾದ ಕೋಶ ಮಾತ್ರ ನೀಲಿಯನ್ನು ಹೀರುತ್ತದಂತೆ. ಆ ಮಧ್ಯಾಹ್ನ ಚೂರು ತೆಗೆದಿರಲಿಲ್ಲ, ಬಣ್ಣ ಹಾಕಿರಲಿಲ್ಲ. ಹಾಗಾದರೆ ನಾನು ಕಂಡದ್ದು ಎಲ್ಲಿತ್ತು? ಇಂದಿಗೂ ತಿಳಿದಿಲ್ಲ. ನಾವು ಗೆದ್ದೆವು, ಅಷ್ಟು ಗೊತ್ತು.

ಮಕ್ಕಳೇ, ಈ ಹಾಳೆಗಳನ್ನು ನೀರು ತಾಗದ ಕಡೆ ಇಡಿ. ಕನ್ನಡ ಓದುವುದು ಕಷ್ಟವಾದರೆ ನಿಮ್ಮಪ್ಪನನ್ನೇ ಕೂರಿಸಿ ಓದಿಸಿ.