ಗಂಗುಲಪ್ಪನ ಕಿವಿ

ಮುಳಬಾಗಿಲಿನಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲೇ ಗಂಗುಲಪ್ಪನ ತಗಡಿನ ಶೆಡ್ಡು. ನಂಗಲಿಯ ರೈತರ ಮನೆಯವನು. ಹದಿನಾರಕ್ಕೇ ಚಿನ್ನದ ಗಣಿಯ ಕಡೆ ಹೋಗಿ, ಹತ್ತು ವರ್ಷ ಅಲ್ಲಿನ ಬಿಳಿ ದೊರೆಗಳ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ ಜೋಡಿಸಿ ಕೆಲಸ ಕಲಿತಿದ್ದ. ಮೂವತ್ತಾರನೇ ಇಸವಿಯಲ್ಲಿ ಅವನು ಶೆಡ್ಡು ಹಾಕಿದಾಗ ಇಡೀ ತಾಲ್ಲೂಕಿನಲ್ಲಿ ಅಂಥ ಗಾಡಿಗಳಿದ್ದದ್ದು ಏಳೋ ಎಂಟೋ. ಆದರೆ ಶ್ರೀನಿವಾಸಪುರದಿಂದ, ಕೋಲಾರದಿಂದಲೂ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಬರುತ್ತಿದ್ದದ್ದು ಹೆಚ್ಚಾಗಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಹದಕ್ಕೆ. ಪೆಟ್ರೋಲು ಹೆಚ್ಚಾದರೆ ಎಂಜಿನ್ನು ಕರಿ ಹೊಗೆ ಉಗುಳುತ್ತದೆ, ಗಾಳಿ ಹೆಚ್ಚಾದರೆ ಕಾದು ಕೆಂಡವಾಗುತ್ತದೆ. ಆ ಎರಡರ ನಡುವಿನ ಹದವನ್ನು ಗಂಗುಲಪ್ಪ ಕಿವಿಯಿಂದ ಹಿಡಿಯುತ್ತಿದ್ದ. ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಸ್ಕ್ರೂ ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸುವನು. ಸದ್ದು ಒಂದೇ ಸಮನಾದ ಕ್ಷಣ ಕೈ ತೆಗೆಯುವನು.

ನಲವತ್ತೊಂದರ ಮಳೆಗಾಲದಲ್ಲಿ ಅವನಿಗೆ ಚಳಿಜ್ವರ ಬಂತು. ಇಪ್ಪತ್ತು ದಿನ ಮಲಗಿದ. ಡಾಕ್ಟರ್ ಕೋದಂಡರಾಮಪ್ಪನವರು ಕ್ವಿನೈನ್ ಮೇಲೆ ಕ್ವಿನೈನ್ ಕೊಟ್ಟು ಬದುಕಿಸಿದರು. ಎದ್ದಾಗ ಕಿವಿಯಲ್ಲಿ ಜೀರುಂಡೆ ಕೂಗಿದಂತಿತ್ತು. ಆ ಮದ್ದು ಕುಡಿದ ಎಲ್ಲರಿಗೂ ಹಾಗೇ, ಹೋಗುತ್ತದೆ ಅಂದುಕೊಂಡ. ವರ್ಷ ಕಳೆಯುವಷ್ಟರಲ್ಲಿ ಜೀರುಂಡೆಯ ಜೊತೆ ಉಳಿದ ಸದ್ದುಗಳೂ ಹೋಗಿದ್ದವು.

ಮೊದಲು ಗೊತ್ತಾದದ್ದು ಹೆಂಡತಿ ಶಾಮಲಮ್ಮನಿಗೆ. ಒಂದು ದಿನ ಅವನ ತೋಳು ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಗಟ್ಟಿಯಾಗಿ ಅಂದಳು: "ಬೆನ್ನ ಹಿಂದೆ ನಿಂತು ನಾಕು ಸಲ ಕರೆದೆ ಕಣಯ್ಯಾ. ಡಾಕ್ಟ್ರ ಹತ್ರ ತೋರಿಸ್ಕೊಳ್ಳಬಾರ್ದಾ?"

"ತೋರಿಸ್ಕೊಂಡ್ರೆ ಊರಿಗೆಲ್ಲ ಗೊತ್ತಾಗ್ತದೆ. ಆಮೇಲೆ ಯಾರು ಗಾಡಿ ತರ್ತಾರೆ?" ಎಂದ ಗಂಗುಲಪ್ಪ. ಆಮೇಲೆ ಅಂಗೈಯನ್ನು ಟ್ಯಾಂಕಿನ ಮೇಲಿಟ್ಟು, ನಡುಕ ನೋಡಿ ಕೆಲಸ ಮಾಡತೊಡಗಿದ. ಎದುರಿಗಿದ್ದವರ ತುಟಿ ನೋಡಿ ಉತ್ತರ ಕೊಡುವುದನ್ನೂ ಕಲಿತ.

ಯುದ್ಧದಿಂದ ಪೆಟ್ರೋಲಿಗೆ ಕೂಪನ್ ಬಂದಿತ್ತು. ನಲವತ್ಮೂರರ ಬೇಸಿಗೆಯಲ್ಲಿ ಹಳ್ಳಿಗಳಿಗೆ ವಾಂತಿಭೇದಿ ಹಬ್ಬಿದಾಗ ಕೋದಂಡರಾಮಪ್ಪನವರು ಗಾಡಿ ತಂದು ನಿಲ್ಲಿಸಿದರು. ಇರುವ ಪೆಟ್ರೋಲಿನಲ್ಲಿ ಇನ್ನೂ ನಾಲ್ಕು ಹಳ್ಳಿ ಸುತ್ತುವಂತೆ ಮಾಡಿಕೊಡು ಎಂದು ಕೇಳಿದರು. ಗಂಗುಲಪ್ಪ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲು ಕಡಿಮೆ ಇಳಿಯುವಂತೆ ಅದನ್ನು ಬಿಡುವ ಸೂಜಿಯನ್ನು ಎರಡು ಕಚ್ಚು ಕೆಳಗಿಳಿಸಿದ. ಅಂಗೈಗೆ ನಡುಕ ಸರಿಯಾಗಿಯೇ ಅನ್ನಿಸಿತು.

ಡಾಕ್ಟರು ಗಾಡಿ ಹತ್ತಿ ಒಂದು ಸುತ್ತು ಹಾಕಿ ಬಂದು ಕೇಳಿದರು: "ಒಳಗೆ ಏನೋ ಟಕಟಕ ಅಂತದಲ್ಲ ಗಂಗುಲಪ್ಪ, ಪರವಾಗಿಲ್ವಾ?"

ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅವರ ತುಟಿ ಅವನಿಗೆ ಕಾಣಲಿಲ್ಲ. "ಸರಿಯಾಗೈತೆ ಸ್ವಾಮಿ, ಹೋಗ್ಬನ್ನಿ" ಎಂದುಬಿಟ್ಟ.

ದೇವರಾಯಸಮುದ್ರ ದಾಟಿ ಏರು ಹತ್ತುವಾಗ ಎಂಜಿನ್ನು ಕಾದು ಪಿಸ್ಟನ್ ಕಚ್ಚಿಕೊಂಡು ಗಾಡಿ ನಿಂತೇಹೋಯಿತು. ಡಾಕ್ಟರು ಮದ್ದಿನ ಪೆಟ್ಟಿಗೆ ಹೊತ್ತು ಮುಂದಿನ ಹಳ್ಳಿಗೆ ಮೂರು ಮೈಲಿ ಬಿಸಿಲಲ್ಲಿ ನಡೆದರು. ಅವರು ಹೋಗಿ ಸೇರುವ ಹೊತ್ತಿಗೆ ಆ ಹಳ್ಳಿಯ ಕದಿರಪ್ಪನ ಹೆಂಡತಿ ಮುತ್ಯಾಲಮ್ಮ ವಾಂತಿಭೇದಿಯಲ್ಲಿ ತೀರಿಕೊಂಡಿದ್ದಳು. ಆರು ತಿಂಗಳ ಕೂಸಿತ್ತು.

ಮರುದಿನ ಗಾಡಿಯನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದರು. ಗಂಗುಲಪ್ಪ ಪ್ಲಗ್ ಬಿಚ್ಚಿ ನೋಡಿದ. ಪೆಟ್ರೋಲು ಸಾಲದೆ ಕಾದು ಸುಣ್ಣದಂತೆ ಬೆಳ್ಳಗೆ ಸುಟ್ಟಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಮುಂದೆ ನಿಂತ.

"ನನಗೆ ಕಿವಿ ಕೇಳ್ಸಲ್ಲ ಸ್ವಾಮಿ. ಒಂದು ವರ್ಷ ಆಯ್ತು. ನೀವು ನಿನ್ನೆ ಏನು ಕೇಳಿದ್ರೋ ಗೊತ್ತಿಲ್ಲ."

ಕೋದಂಡರಾಮಪ್ಪನವರು ಅವನ ಕೈಯಿಂದ ಪ್ಲಗ್ ತೆಗೆದುಕೊಂಡು ಪಕ್ಕಕ್ಕಿಟ್ಟರು. ಆಮೇಲೆ ಅವನಿಗೆ ಕಾಣುವಂತೆ ತುಟಿ ಬಿಡಿಸಿ, "ಕ್ವಿನೈನ್ ಜಾಸ್ತಿ ಆಗಿತ್ತು, ಅದರಿಂದ ಕಿವಿ ಹೋಗ್ತದೆ. ನನಗೆ ಆವಾಗ್ಲೇ ಗೊತ್ತಿತ್ತು" ಎಂದರು.

ಹನ್ನೊಂದನೇ ದಿನ ಕಳೆದ ಮೇಲೆ ಗಂಗುಲಪ್ಪ ಒಬ್ಬನೇ ನಡೆದುಕೊಂಡು ಕದಿರಪ್ಪನ ಹಳ್ಳಿಗೆ ಹೋದ. ಕದಿರಪ್ಪ ಜಗಲಿಯ ಮೇಲೆ ಕೂಸನ್ನು ತೊಡೆಯಲ್ಲಿ ಹಾಕಿಕೊಂಡು ಕೂತಿದ್ದ. ಗಂಗುಲಪ್ಪ ನಡೆದದ್ದನ್ನೆಲ್ಲ ಹೇಳಿದ. ಕಿವುಡನಾಗಿದ್ದೆ, ಮುಚ್ಚಿಟ್ಟೆ, ತಪ್ಪು ನನ್ನದು ಎಂದ.

ಕದಿರಪ್ಪ ತಲೆ ಎತ್ತಲೇ ಇಲ್ಲ. ಕೂಸಿನ ಮೇಲೆ ಬಾಗಿಕೊಂಡೇ ತುಂಬ ಹೊತ್ತು ಏನೋ ಹೇಳಿದ. ಮೀಸೆಯೂ ತಲೆಗೆ ಸುತ್ತಿದ ವಸ್ತ್ರವೂ ಅವನ ಬಾಯನ್ನು ಮುಚ್ಚಿದ್ದವು. ಬೈದನೋ, ಹೋಗಲಿ ಬಿಡು ಎಂದನೋ ಗಂಗುಲಪ್ಪನಿಗೆ ತಿಳಿಯಲಿಲ್ಲ. ಇನ್ನೊಂದು ಸಲ ಹೇಳು ಎಂದು ಕೇಳುವುದು ಹೇಗೆ? ಕೈ ಮುಗಿದು ನಿಂತಿದ್ದು, ಕದಿರಪ್ಪ ಎದ್ದು ಒಳಗೆ ಹೋದ ಮೇಲೆ ತಿರುಗಿ ಬಂದ.

"ಏನಂದ ಅವನು?" ಎಂದು ಶಾಮಲಮ್ಮ ಸನ್ನೆ ಮಾಡಿ ಕೇಳಿದಳು.

"ಅದೇ ಗೊತ್ತಾಗ್ಲಿಲ್ಲ ಕಣೇ" ಎಂದು ಗೋಡೆ ಕಡೆ ತಿರುಗಿ ಮಲಗಿಕೊಂಡ.

ಶೆಡ್ಡನ್ನು ಅವನು ಆ ತಿಂಗಳೇ ಮುಚ್ಚಿದ. ಯುದ್ಧ ಮುಗಿಯುವವರೆಗೆ ಪೆಟ್ರೋಲಿನ ಬದಲು ಇದ್ದಿಲ ಹೊಗೆಯಿಂದ ನಂಗಲಿಗೆ ಓಡುತ್ತಿದ್ದ ಬಸ್ಸಿನ ಹಿಂದೆ ನಿಂತು, ಅದರ ಒಲೆಗೆ ಇದ್ದಿಲು ತುಂಬಿ ಬೆಂಕಿ ಊದುವ ಕೆಲಸ ಮಾಡಿದ. ಅದಕ್ಕೆ ಕಿವಿ ಬೇಕಿರಲಿಲ್ಲ. ಪೆಟ್ರೋಲು ಮತ್ತೆ ಸಿಗತೊಡಗಿದಾಗ ಒಲೆ ಬಿಚ್ಚಿ ಎಸೆದರು, ಆ ಕೆಲಸವೂ ಹೋಯಿತು. ಗಂಡ ಹೆಂಡತಿ ಶಾಮಲಮ್ಮನ ತವರು ಟೇಕಲ್‌ಗೆ ಹೋಗಿ ಅವಳ ಅಣ್ಣನ ರಾಗಿ ಹೊಲದಲ್ಲಿ ದುಡಿದರು. ಇದ್ದಿಲ ಹೊಗೆ ಎದೆಯಲ್ಲಿ ಕೂತಿತ್ತು. ನಲವತ್ತೊಂಬತ್ತರ ಮಾಗಿಯಲ್ಲಿ, ನಲವತ್ತು ದಾಟುವ ಮೊದಲೇ, ಗಂಗುಲಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ. ಸುದ್ದಿ ಮುಳಬಾಗಿಲಿಗೆ ಮುಟ್ಟಿದ್ದು ಎರಡು ವಾರದ ಮೇಲೆ.