ಭರಮಪ್ಪ ಸತ್ತಿಲ್ಲ

ನಿನ್ನೆ ಮಡಗಾಂವ್‌ನ ಹಾಲ್‌ನಲ್ಲಿ ನಮ್ಮ ಸಂಘದ ಕಾರ್ಯದರ್ಶಿಗಳು ಮೈಕ್ ಹಿಡಿದುಕೊಂಡು ನನ್ನ ಭರಮಪ್ಪನನ್ನು ಕೊಂದರು.

ಭರಮಪ್ಪ ನನ್ನ ಕಥೆಯ ನಾಯಕ. ಇಲ್ಲಿ ದುಡಿಯಲು ಬಂದ ಕನ್ನಡದವರ ಸಂಘ ಅದು. ಅದರ ಸ್ಮರಣ ಸಂಚಿಕೆಗೆಂದು ಕಥೆ ಬರೆದು ಕೊಟ್ಟಿದ್ದೆ.

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇವತ್ತು ಕೆಲಸಕ್ಕೆ ಹೋಗದೆ ಸೈಬರ್ ಕೆಫೆಯಲ್ಲಿ ಕೂತು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ.

ನಾನು ಸಾಂಗೆ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತೇನೆ. ಕಲಿತದ್ದು ನಾಲ್ಕನೇ ಕ್ಲಾಸು. ಓದುವ ಹುಚ್ಚು ಮಾತ್ರ ಬಿಟ್ಟಿಲ್ಲ.

ಮಡಗಾಂವ್ ಮಾರ್ಕೆಟ್‌ನ ರದ್ದಿ ಅಂಗಡಿಯಲ್ಲಿ ಕನ್ನಡ ಪುಸ್ತಕ ಕಂಡರೆ ತರುತ್ತೇನೆ. ಮಂತ್ರವಾದಿ, ರಾಕ್ಷಸ, ಹಾರುವ ಕುದುರೆ ಇದ್ದರಂತೂ ಕೈಬಿಡುವುದಿಲ್ಲ... ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚಿದಾಗ ಜೊತೆಯ ಹೆಂಗಸರಿಗೆ ಓದಿ ಹೇಳುತ್ತೇನೆ. ಅವರ ಮುಂದೆ ನನಗೆ ನಾಚಿಕೆ ಇಲ್ಲ.

ಓದುತ್ತಾ ಓದುತ್ತಾ ಒಂದು ವಿಷಯ ಗೊತ್ತಾಯಿತು. ನಾಯಕ ಶೂರನಾದರೆ ಅವರಿಗೆ ಅರ್ಧದಲ್ಲೇ ಆಕಳಿಕೆ. ಅದೇ ಅವನು ಮಂತ್ರದಂಡವನ್ನು ಉಲ್ಟಾ ಹಿಡಿದು, ನನ್ನನ್ನು ಬಿಟ್ಟುಬಿಡಿ ಎಂದು ಗೋಳಾಡಿದರೆ ಊಟದ ಹೊತ್ತು ಮುಗಿದರೂ ಯಾರೂ ಏಳುವುದಿಲ್ಲ.

ಶೂರನಿಗೆ ನಮ್ಮಿಂದ ಏನೂ ಬೇಕಾಗಿಲ್ಲ. ಅಂಜುಬುರುಕನನ್ನು ಹಿಂದಿನಿಂದ ನಾವೇ ತಳ್ಳಬೇಕು. ಆಗ ಕಥೆ ನಮ್ಮದಾಗುತ್ತದೆ.

ಹಾಗೆ ಹುಟ್ಟಿದವನು ಭರಮಪ್ಪ, ತನ್ನ ಆಡಿನ ಜೊತೆ ಸಂತೆಗೆ ಉಳ್ಳಾಗಡ್ಡಿ ಮಾರಲು ಬಂದವನು. ರಾಜ ಸತ್ತಿದ್ದಾನೆ, ಪಟ್ಟದ ಆನೆ ಮಾಲೆ ಹಿಡಿದು ಹೊಸ ರಾಜನನ್ನು ಹುಡುಕುತ್ತಿದೆ. ಇವನು ಚೆಲ್ಲಿದ ಉಳ್ಳಾಗಡ್ಡಿ ಆರಿಸಲು ಬಗ್ಗಿದಾಗ ಮಾಲೆ ಕೊರಳಿಗೆ ಬೀಳುತ್ತದೆ. ತೆಗೆದು ಆನೆಗೇ ವಾಪಸ್ ಹಾಕಲು ನೋಡುತ್ತಾನೆ, ಎಟುಕುವುದಿಲ್ಲ.

ರಾಜನಾದವನು ಗವಿಯ ರಾಕ್ಷಸನನ್ನು ಕೊಲ್ಲಬೇಕು. ಭರಮಪ್ಪ ಹೊಟ್ಟೆನೋವು ಎನ್ನುತ್ತಾನೆ, ಇವತ್ತು ಅಮಾವಾಸ್ಯೆ ಎನ್ನುತ್ತಾನೆ. ಕೊನೆಗೆ ಅವನ ಆಡು ಗವಿಯೊಳಗೆ ಹೋಗಿಬಿಟ್ಟಿತೆಂದು ತಾನೂ ಹೋಗುತ್ತಾನೆ.

ಒಳಗೆ ತನ್ನ ಮಾಲೆಯನ್ನೇ ತುಳಿದು ಬೀಳುತ್ತಾನೆ, ದೀಪ ಆರುತ್ತದೆ, ಕತ್ತಲಲ್ಲಿ ಇಬ್ಬರೂ ಕಿರುಚುತ್ತಾರೆ. ಮೊದಲು ಓಡುವುದು ರಾಕ್ಷಸ. ಭರಮಪ್ಪ ಆಡು ಹುಡುಕಿಕೊಂಡು ಮನೆಗೆ ಬರುತ್ತಾನೆ.

ಇಷ್ಟೇ ಕಥೆ.

ನನ್ನ ಪಕ್ಕ ಕೂತು ಸುಲಿಯುವವಳು ಗಂಗವ್ವ. ಅವಳ ಗಂಡ ಕಟ್ಟಡದ ಕೆಲಸದವನು. ಹಗ್ಗವಿಲ್ಲದೆ ಮೇಲೆ ಹತ್ತಲು ಅಂಜಿ ನಿಂತಿದ್ದಾಗ ಕೆಲಸ ಮಾಡಿಸುವ ಮುಕಾದಮ, "ಗಂಡಸ ಹೌದೋ ಅಲ್ಲೋಲೇ" ಅಂದನಂತೆ. ಹತ್ತಿದ. ಬಿದ್ದು ಸತ್ತ.

ಭರಮಪ್ಪ ಮನೆಗೆ ಬರುವ ಭಾಗ ಓದಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಂಗವ್ವ ನಗು ಮುಗಿಸಿ ಮೆಲ್ಲಗೆ, "ಅಂಜಾವ ಮನಿಗೆ ಬರ್ತಾನ ನೋಡವ್ವಾ... ಕಡೀದ್ದು ಇನ್ನೊಮ್ಮೆ ಓದ" ಅಂದಳು.

ಆಮೇಲೆ ಎಷ್ಟು ಸಲ ಓದಿಸಿದಳೋ.

ನಿನ್ನೆ ಸಂಘದ ವಾರ್ಷಿಕೋತ್ಸವ. ನನಗೆ ಶಾಲು ಹೊದಿಸಿ ಸ್ಟೇಜ್ ಮೇಲೆ ಕೂರಿಸಿದರು. ಮೈಕ್ ಕಂಡರೆ ನನ್ನ ಕೈಕಾಲು ನಡುಗುತ್ತವೆ, ಹಾಗಾಗಿ ಕಾರ್ಯದರ್ಶಿಗಳೇ ಕಥೆ ಓದಲು ನಿಂತರು. ಕಾರ್ಖಾನೆಯ ಹೆಂಗಸರೆಲ್ಲ ಹಿಂದಿನ ಸಾಲಿನಲ್ಲಿ.

ಅವರು ಓದಿದ್ದರಲ್ಲಿ ಉಳ್ಳಾಗಡ್ಡಿ ಇರಲಿಲ್ಲ. ಆಡು ಇರಲಿಲ್ಲ. ಭರಮಪ್ಪ 'ಕಡುಗಲಿ ಭರಮರಾಜ' ಆಗಿದ್ದ, ಮಾಲೆ ಬೀಳುವ ಮೊದಲೇ ಕತ್ತಿ ಹಿರಿದು ನಿಂತಿದ್ದ. ಗವಿಗೆ ನುಗ್ಗಿ ರಾಕ್ಷಸನನ್ನು ಕೊಂದು, ನಾಡಿಗಾಗಿ ತಾನೂ ವೀರಮರಣ ಅಪ್ಪಿದ.

ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಹಿಂದಿನಿಂದ ಗಂಗವ್ವನ ದನಿ ಬಂತು. "ಸಾಹೇಬ್ರ, ಆಡ ಯಾರ ಕೊಯ್ಕೊಂಡ ತಿಂದ್ರಿ?"

ಹಾಲ್ ಪೂರ್ತಿ ನಕ್ಕಿತು. ಅವಳು ನಗಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ನಾನು ಎದ್ದು ಹೋಗಿ ಕಾರ್ಯದರ್ಶಿಗಳನ್ನು ಯಾಕ್ರೀ ಸರ್ ಎಂದು ಕೇಳಿದೆ. ಅವರು ಮೈಕಿಗೆ ಕೈ ಅಡ್ಡ ಹಿಡಿದರು. "ತಂಗಿ, ಇಲ್ಲಿ ಮಂದಿ ನಮ್ಮನ್ನ ಘಾಟಿ ಅಂತ ನಗತಾರ. ನಾವ ನಮ್ಮವನ್ನ ಪುಕ್ಕಲ ಅಂತ ಬರಕೊಂಡ್ರ ಹೆಂಗ? ನಿನ್ನ ಹೆಸರಿಗೆ ಚಲೋ ಆಗ್ಲಿ ಅಂತ ತಿದ್ದೀನಿ."

ಘಾಟಿ, ಅಂದರೆ ಘಟ್ಟದ ಮೇಲಿನ ಗಮಾರ, ಎಂಬ ಮಾತು ಬಸ್ಸಿನಲ್ಲಿ ನನ್ನ ಕಿವಿಗೂ ಬಿದ್ದಿದೆ. ಅವರ ನೋವು ಸುಳ್ಳಲ್ಲ. ಆದರೆ ಅದಕ್ಕೆ ನನ್ನ ಭರಮಪ್ಪ ಯಾಕೆ ಸಾಯಬೇಕು? ಮುಕಾದಮ ಕೇಳಿದ್ದೂ ಇದನ್ನೇ ಅಲ್ಲವೇ, ಗಂಡಸು ಹೌದೋ ಅಲ್ಲವೋ ಎಂದು?

ಕಾಗುಣಿತ ತಿದ್ದಿದ್ದರೆ ಕೈ ಮುಗಿಯುತ್ತಿದ್ದೆ. ನಾಲ್ಕನೇ ಕ್ಲಾಸಿನವಳಿಗೆ ಒತ್ತಕ್ಷರ ತಪ್ಪುತ್ತದೆ, ಒಪ್ಪುತ್ತೇನೆ. ತನ್ನ ಕಥೆಯಲ್ಲಿ ಯಾರು ಬದುಕಿ ಉಳಿದರು ಎಂಬುದೂ ಅವಳಿಗೆ ತಿಳಿಯುವುದಿಲ್ಲವೇ?

ಮೈಕಿಗೆ ಕೈ ಹಾಕಿದೆ. ವೈರ್‌ಗೆ ಕಾಲು ಸಿಕ್ಕಿ ಮುಗ್ಗರಿಸಿದೆ. ಶಾಲು ಜಾರಿ ಅತಿಥಿಗಳ ನೀರಿನ ಗ್ಲಾಸು ಉರುಳಿಸಿತು. ಮೈಕ್ ಕೀಂ ಎಂದಿತು.

"ಭರಮಪ್ಪ ಸತ್ತಿಲ್ರಿ. ಆಡ ತಗೊಂಡು ಮನಿಗೆ ಬಂದಾನ."

ಅಷ್ಟೇ ಬಂತು. ಇಳಿದುಬಿಟ್ಟೆ.

ಸಾಂಗೆ ಬಸ್ಸಿನಲ್ಲಿ ಗಂಗವ್ವ ನನ್ನ ಕೈ ಹಿಡಿದು ಕೂತಳು. "ಇನ್ನೂ ನಡಗಾಕತ್ತೈತಲ್ಲವ್ವಾ" ಅಂದಳು.

ಸಂಚಿಕೆಗಳು ಅಚ್ಚಾಗಿ ಹಂಚಿಹೋಗಿವೆ, ಪಣಜಿಗೂ ಕಳಿಸಿದ್ದಾರಂತೆ. ಅವುಗಳಲ್ಲಿ ನನ್ನ ಹೆಸರಿನ ಕೆಳಗೆ ಅವನು ಸತ್ತು ಬಿದ್ದಿದ್ದಾನೆ. ಇದನ್ನು ನೆನೆದರೆ ಮತ್ತೆ ಮೈ ಉರಿಯುತ್ತದೆ.

ಆ ಸಂಚಿಕೆ ನಿಮ್ಮ ಕೈಗೆ ಬಂದರೆ ಕೊನೆಯ ಪುಟ ನಂಬಬೇಡಿ... ಭರಮಪ್ಪ ಮನೆಯಲ್ಲಿದ್ದಾನೆ.